ಹಂಡೆಯ ಒಲೆಗೆ ಹೋದ ಹನ್ನೆರಡು ಪದ

ಕೆರಗೋಡಿನಲ್ಲಿ ನನ್ನ ದೊಡ್ಡಮ್ಮನ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆಯಿದೆ. ಅದರ ಒಲೆಗೆ ಪಕ್ಷಪಾತವೆಂಬುದಿಲ್ಲ. ಕಬ್ಬಿನ ತರಗು, ತೆಂಗಿನ ಮಟ್ಟೆ, ಕರಟ, ಹಳೆಯ ಪಂಚಾಂಗ, ಏನು ಕೊಟ್ಟರೂ ಉಂಡು ನೀರು ಕಾಯಿಸಿಕೊಡುತ್ತದೆ. ಕೆಲವು ವರ್ಷಗಳ ಹಿಂದೆ, ಯುಗಾದಿಗೆ ಮನೆಗೆ ಸುಣ್ಣ ಹೊಡೆಸುವ ಗಡಿಬಿಡಿಯಲ್ಲಿ, ಆ ಒಲೆ ಒಂದು ನೋಟುಪುಸ್ತಕವನ್ನೂ ಉಂಡಿತು. ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷು ಪದಗಳಿದ್ದವು. ಅಂದಿನ ಲೆಕ್ಕದಲ್ಲಿ ಆ ಹಾಳೆಯ ಬೆಲೆ ಮೂರು ಕರೆಯುವ ಹಸುಗಳ ಬೆಲೆಗಿಂತ ಹೆಚ್ಚು.

ಪುಸ್ತಕ ದೊಡ್ಡಮ್ಮನ ಮಗನದು. ಬೆಂಗಳೂರಿನಲ್ಲಿ ಅವನಿಗೆ ಕಂಪ್ಯೂಟರಿನ ಕೆಲಸ. ತನ್ನ ಸಂಬಳದಲ್ಲಿ ಉಳಿದದ್ದನ್ನೂ, ತಾಯಿ ಡೈರಿಗೆ ಹಾಲು ಹಾಕಿ ಕೂಡಿಟ್ಟದ್ದರಲ್ಲಿ ಒಂದು ಪಾಲನ್ನೂ ಸೇರಿಸಿ ಬಿಟ್‌ಕಾಯಿನ್ನೆಂಬ ಕಣ್ಣಿಗೆ ಕಾಣದ ನಾಣ್ಯವನ್ನು ಕೊಂಡಿದ್ದ. ತಾಯಿ ಅದನ್ನು ಬೆಂಗಳೂರಿನ ಯಾವುದೋ ಚೀಟಿ ವ್ಯವಹಾರವೆಂದು ತಿಳಿದಿದ್ದರು. ಒಂದು ದಿನ ಫೋನು ನಾಲೆಗೆ ಬಿತ್ತು. ಹುಡುಗ ಊರಿಗೆ ಓಡಿಬಂದು ಪುಸ್ತಕವೆಲ್ಲಿ ಎಂದು ಕೇಳಿದ. ದೊಡ್ಡಮ್ಮ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಅದೆಲ್ಲ ಇಂಗ್ಲೀಸಲ್ಲಿ ಬರ್ದಿತ್ತು ಕಣ್ ಮಗ. ಓದೋದು ಮುಗೀತಲ್ಲ ಅಂತ ಒಲೆಗೆ ಹಾಕ್ಬುಟ್ಟೆ.” ಮಗ ಆ ರಾತ್ರಿಯೇ ಬಸ್ಸು ಹತ್ತಿದ. ಮೂರು ತಿಂಗಳು ತಾಯಿಯೊಡನೆ ಮಾತಾಡಲಿಲ್ಲ.

ಈ ಸಂಗತಿಯನ್ನು ಬೆಂಗಳೂರಿನಲ್ಲಿ ತಿಳಿದವರ ಮುಂದೆ ಹೇಳಿದೆ. ಒಬ್ಬರು ನಕ್ಕು, “ಓದುಬರಹ ಬಾರದವರ ಮನೆಯಲ್ಲಿ ಅಂಥದ್ದನ್ನು ಇಟ್ಟದ್ದೇ ತಪ್ಪು” ಎಂದರು. ಇನ್ನೊಬ್ಬರು ಗಂಭೀರವಾಗಿ, “ನಿನಗೆ ನೀನೇ ಬ್ಯಾಂಕು ಎಂಬುದು ಇದರ ಮೂಲಮಂತ್ರ; ಬ್ಯಾಂಕು ನಡೆಸಲಾರದವನು ಮುಳುಗಲೇಬೇಕು” ಎಂದು ತೀರ್ಪು ಕೊಟ್ಟರು. ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ವಾಚಕರ ಮುಂದೆ ಇಡಬೇಕೆಂದೇ ಈ ಬರಹ.

ಮೊದಲು ಆ ಹನ್ನೆರಡು ಪದಗಳ ಮಹಿಮೆಯೇನೆಂದು ತಿಳಿಯಬೇಕು. ಈ ನಾಣ್ಯ ಇಡುವ ಸಾಧನಕ್ಕೆ ‘ವ್ಯಾಲೆಟ್’ ಎಂದು ಹೆಸರು. ಅಂದರೆ ಹಣದ ಚೀಲ. ಆದರೆ ಆ ಚೀಲದಲ್ಲಿ ಹಣವೇ ಇರುವುದಿಲ್ಲ. ಯಾರದು ಎಷ್ಟು ಎಂಬ ಲೆಕ್ಕವೆಲ್ಲ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಖಾತೆಪುಸ್ತಕದ ಪ್ರತಿಗಳಾಗಿ ಇರುತ್ತದೆ. ನಮ್ಮ ಫೋನಿನಲ್ಲಿರುವುದು ಆ ಲೆಕ್ಕದಿಂದ ಹಣ ತೆಗೆಯುವ ಅಧಿಕಾರ ಕೊಡುವ ಒಂದು ಗುಟ್ಟಿನ ಸಂಖ್ಯೆ, ಅಷ್ಟೇ. ಅದು ಬಲು ದೊಡ್ಡ ಸಂಖ್ಯೆ. ಮನುಷ್ಯನ ಕೈ ಅದನ್ನು ತಪ್ಪಿಲ್ಲದೆ ಬರೆದುಕೊಳ್ಳಲಾರದು. ಆದ್ದರಿಂದ 2013ರಲ್ಲಿ ‘ಬಿಪ್ 39’ ಎಂಬ ಒಂದು ಕ್ರಮವನ್ನು ಹೂಡಿದರು. 2048 ಸಾಧಾರಣ ಪದಗಳ ಒಂದು ಪಟ್ಟಿ. ಅದರಿಂದ ಆಯ್ದ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳು, ಕ್ರಮ ತಪ್ಪದೆ ಬರೆದರೆ, ಆ ಸಂಖ್ಯೆಗೆ ಸಮ. ಫೋನು ಹೋದರೂ ಪದಗಳಿದ್ದರೆ ಹೊಸ ಫೋನಿನಲ್ಲಿ ಸಮಸ್ತವೂ ಮರಳುತ್ತದೆ. ಎರಡೂ ಹೋದರೆ, 2009ರಲ್ಲಿ ಈ ನಾಣ್ಯವನ್ನು ಚಲಾವಣೆಗೆ ತಂದ ಸತೋಷಿ ನಾಕಾಮೊಟೊ ಎಂಬ ಅಜ್ಞಾತನಾಮನೇ ಎದ್ದು ಬಂದರೂ ಮರಳಿಸಲಾರ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹನ್ನೆರಡರಲ್ಲಿ ಒಂದು ಪದ ಮಾಸಿಹೋದರೆ 2048 ಪದಗಳನ್ನು ಒಂದೊಂದಾಗಿ ಇಟ್ಟು ನೋಡಬಹುದು. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಇಂಗ್ಲಿಷು ಪಟ್ಟಿಯಲ್ಲಿ ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಬೇರೆ ಬೇರೆಯಾಗಿರುವುದರಿಂದ, ಪದದ ತಲೆ ಉಳಿದಿದ್ದರೆ ಬಾಲ ಹೋದರೂ ಚಿಂತೆಯಿಲ್ಲ. ಎರಡು ಪದ ಹೋದರೆ ನಲವತ್ತೊಂದು ಲಕ್ಷಕ್ಕೂ ಮೇಲ್ಪಟ್ಟ ಜೋಡಣೆಗಳು, ಆಗಲೂ ಆಸೆಯಿದೆ. ನಾಲ್ಕು ಹೋದರೆ ಹದಿನೇಳು ಲಕ್ಷ ಕೋಟಿಗೂ ಹೆಚ್ಚು. ಹನ್ನೆರಡೂ ಹೋದರೆ ಲೆಕ್ಕವಿಲ್ಲ, ಬೂದಿಯೇ ಗತಿ.

ಇನ್ನು ನಕ್ಕ ಮಹನೀಯರ ವಿಷಯ. ಓದುಬರಹ ಬಾರದವರು ಎಂದರಲ್ಲ, ನನ್ನ ದೊಡ್ಡಮ್ಮ ದಿನವೂ ಕನ್ನಡ ಪತ್ರಿಕೆಯನ್ನು ತಲೆಬರಹದಿಂದ ಜಾಹೀರಾತಿನವರೆಗೆ ಓದುವವರು. ಅವರಿಗೆ ಬಾರದ್ದು ಇಂಗ್ಲಿಷು, ಓದಲ್ಲ. ಅದಿರಲಿ, ಓದಿದವರು ಮಾಡಿದ್ದೇನು? ಬ್ರಿಟನ್ನಿನ ನ್ಯೂಪೋರ್ಟಿನ ಜೇಮ್ಸ್ ಹೊವೆಲ್ಸ್ ಕಂಪ್ಯೂಟರಿನ ವಿದ್ಯೆ ಬಲ್ಲವನು. ಸುಮಾರು ಎಂಟು ಸಾವಿರ ಬಿಟ್‌ಕಾಯಿನ್ನುಗಳ ಕೀಲಿಯಿದ್ದ ಅವನ ಹಾರ್ಡ್ ಡಿಸ್ಕು 2013ರಲ್ಲಿ ಊರ ಕಸದ ಗುಡ್ಡೆ ಸೇರಿತು. ಗುಡ್ಡೆಯನ್ನು ಅಗೆಯಲು ಬಿಡಿ ಎಂದು ವರ್ಷಗಟ್ಟಲೆ ಹೋರಾಡಿದ. 2025ರ ಜನವರಿಯಲ್ಲಿ ನ್ಯಾಯಾಲಯ ಅವನ ದಾವೆಯನ್ನು ತಳ್ಳಿಹಾಕಿತು. ಅಮೆರಿಕದಲ್ಲಿ ನೆಲೆಸಿದ ಸ್ಟೀಫನ್ ಥಾಮಸ್ ಎಂಬಾತನಂತೂ ಈ ಶಾಸ್ತ್ರದಲ್ಲೇ ಪಂಡಿತ. ಅವನ 7002 ಬಿಟ್‌ಕಾಯಿನ್ನುಗಳಿರುವ ಪುಟ್ಟ ಸಾಧನ ಹತ್ತು ಸಲ ಗುಪ್ತಪದ ತಪ್ಪಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಈ ಕಥೆ ಲೋಕಕ್ಕೆ ತಿಳಿದಾಗ ಅವನು ಎಂಟು ಸಲ ತಪ್ಪಿಯಾಗಿತ್ತು. ಅದೇ ಸುಮಾರಿನಲ್ಲಿ ಚೈನಾಲಿಸಿಸ್ ಎಂಬ ಸಂಸ್ಥೆ, ಅದುವರೆಗೆ ಹುಟ್ಟಿದ ಬಿಟ್‌ಕಾಯಿನ್ನುಗಳಲ್ಲಿ ಐದರಲ್ಲೊಂದು ಪಾಲು ಹೀಗೆ ಕೈತಪ್ಪಿ ನಿಂತಂತಿದೆ ಎಂದು ಅಂದಾಜು ಮಾಡಿತು. ಅಷ್ಟನ್ನೆಲ್ಲ ಕೆರಗೋಡಿನ ಹಂಡೆಯ ಒಲೆಗಳು ಸುಡಲಿಲ್ಲ.

ಎರಡನೆಯ ಮಹನೀಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಪರರ ಕೈಗೆ ಕೀಲಿ ಕೊಟ್ಟವರ ಪಾಡೇನಾಯಿತು? 2024ರ ಜುಲೈನಲ್ಲಿ ನಮ್ಮ ದೇಶದ್ದೇ ಆದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು ಇಪ್ಪತ್ಮೂರು ಕೋಟಿ ಡಾಲರು ಬೆಲೆಯ ನಾಣ್ಯಗಳನ್ನು ಕಳ್ಳರು ದೋಚಿದರು. ಗಿರಾಕಿಗಳು ತಮ್ಮ ಹಣ ಮುಟ್ಟಲು ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಕೆನಡಾದ ಕ್ವಾಡ್ರಿಗಾ ಎಂಬ ಕೇಂದ್ರದ ಒಡೆಯ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜಯಪುರದಲ್ಲೇ ತೀರಿಕೊಂಡ. ಕೀಲಿಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದವು, ಅವನೊಡನೆಯೇ ಹೋದವು ಎಂದು ಗಿರಾಕಿಗಳಿಗೆ ಹೇಳಿದರು. 2020ರಲ್ಲಿ ಅಲ್ಲಿಯ ಅಧಿಕಾರಿಗಳು ತನಿಖೆ ಮಾಡಿ, ಅವನು ಬದುಕಿದ್ದಾಗಲೇ ಹಣವನ್ನು ನುಂಗಿದ್ದನೆಂದು ತಿಳಿಸಿದರು. ಆದ್ದರಿಂದ ನಿನ್ನ ಕೀಲಿ ನಿನ್ನಲ್ಲಿರಲಿ ಎಂಬುದು ಸರಿಯೇ. ಆದರೆ ‘ನಿನ್ನಲ್ಲಿ’ ಎಂಬುದನ್ನು ಇವರು ‘ನಿನ್ನೊಬ್ಬನಲ್ಲಿ’ ಎಂದು ಓದುತ್ತಾರೆ. ದೋಷವಿರುವುದು ಅಲ್ಲಿ. ಕಳ್ಳನಿಗೆ ಗುಟ್ಟಾಗಿಡುವುದು ಬೇರೆ, ಹೆತ್ತ ತಾಯಿಗೆ ಗುಟ್ಟಾಗಿಡುವುದು ಬೇರೆ. ನಮ್ಮ ಸೀಮೆಯ ಅಜ್ಜಿಯರ ಕಥೆಗಳಲ್ಲಿ ಯಾರಿಗೂ ಹೇಳದೆ ಹೊನ್ನಿನ ಕೊಪ್ಪರಿಗೆ ಹೂತಿಟ್ಟವನು ಸತ್ತು ಸರ್ಪವಾಗಿ ಅದನ್ನು ಕಾಯುತ್ತಾನೆ. ಸರ್ಪಕ್ಕೆ ಆ ಹೊನ್ನಿನಿಂದ ಏನು ಸುಖ?

ಇನ್ನು ಕಳೆದುಕೊಂಡವರ ಬೆನ್ನು ಹತ್ತುವವರಿದ್ದಾರೆ. ನಮ್ಮ ಹುಡುಗನಿಗೂ ಅಂಥವನೊಬ್ಬ ಗಂಟುಬಿದ್ದ. “ನಿಮ್ಮ ಹಣ ಕಾಣುತ್ತಿದೆ, ಮುಂಗಡ ಕೊಟ್ಟರೆ ತೆಗೆದುಕೊಡುತ್ತೇನೆ” ಎಂದು ಪರದೆಯ ಮೇಲೆ ಮೊತ್ತವನ್ನೂ ತೋರಿಸಿದ. ಮೊತ್ತ ಕಂಡಿತೆಂದರೆ ಹಣ ಕೈಗೆ ಬಂದಂತಲ್ಲ. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2020ರ ನವೆಂಬರಿನಲ್ಲಿ ಬಂಧಿತನಾದ ಒಬ್ಬ ತರುಣನ ಪ್ರಕರಣದಲ್ಲಿ, ಸುಮಾರು ಒಂಬತ್ತು ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ನುಗಳನ್ನು ವಶಪಡಿಸಿಕೊಂಡಿದ್ದೇವೆಂದು ಪೊಲೀಸರು 2021ರ ಜನವರಿಯಲ್ಲಿ ಸಾರಿದರು. ಆಮೇಲೆ ನೋಡಿದರೆ ಅವನು ತೋರಿಸಿದ ವ್ಯಾಲೆಟ್ಟು ಯಾವುದೋ ವಿನಿಮಯ ಕೇಂದ್ರದ್ದು, ಕೀಲಿ ಅವನಲ್ಲಿರಲಿಲ್ಲ. ಅದನ್ನು ಮುಟ್ಟದೆ ಬಿಟ್ಟೆವೆಂದು ಅದೇ ವರ್ಷದ ನವೆಂಬರಿನಲ್ಲಿ ಪೊಲೀಸರೇ ವಿವರಣೆ ಕೊಡಬೇಕಾಯಿತು. ಸರ್ಕಾರದ ಪೊಲೀಸರೇ ಪರದೆಯನ್ನು ನಂಬಿದರೆಂದಮೇಲೆ ಪಾಮರರ ಮಾತೇನು? ಆದ್ದರಿಂದ ಒಂದು ನಿಯಮವನ್ನು ನೆನಪಿಡಬೇಕು: ನಿಮ್ಮ ಪದಗಳನ್ನು ಕೇಳುವವನು ಯಾರೇ ಆಗಲಿ, ಯಾವ ಕಂಪೆನಿಯ ಹೆಸರು ಹೇಳಲಿ, ಅವನು ಉಪಕಾರಿಯಲ್ಲ. ಮೋಸಹೋದವರು 1930 ಎಂಬ ಸಂಖ್ಯೆಗೆ ತಡಮಾಡದೆ ದೂರು ಕೊಡಬೇಕು.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಆ ‘ಬಿಪ್ 39’ರ ಪದಪಟ್ಟಿ ಒಂಬತ್ತು ಭಾಷೆಗಳಲ್ಲಿದೆ: ಇಂಗ್ಲಿಷು, ಜಪಾನಿ, ಕೊರಿಯನ್, ಚೀನಿ, ಫ್ರೆಂಚು, ಇಟಾಲಿಯನ್, ಸ್ಪಾನಿಷು, ಪೋರ್ಚುಗೀಸು, ಜೆಕ್, ಚೀನಿಗಂತೂ ಎರಡು ಲಿಪಿಗೆ ಎರಡು ಪಟ್ಟಿ. ಜೆಕ್ ಆಡುವವರು ಸುಮಾರು ಒಂದು ಕೋಟಿ ಜನ. 2011ರ ಜನಗಣತಿಯಲ್ಲಿ ಕನ್ನಡ ಮನೆಮಾತಿನವರು 4 ಕೋಟಿ 37 ಲಕ್ಷ. ಆದರೂ ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಭಾರತದ ಯಾವ ಭಾಷೆಯೂ ಇಲ್ಲ. ಯಾವ ವ್ಯಾಲೆಟ್ಟಾದರೂ ಓದಬಲ್ಲದ್ದು ಇಂಗ್ಲಿಷು ಪಟ್ಟಿಯನ್ನು ಮಾತ್ರ, ಹಲವು ಪಟ್ಟಿಗಳಾದರೆ ಗೊಂದಲ ಎಂದು ತಜ್ಞರು ಸಮಾಧಾನ ಹೇಳುತ್ತಾರೆ. ಒಪ್ಪಿದೆ. ಪದಗಳು ಇಂಗ್ಲಿಷಿನಲ್ಲೇ ಇರಲಿ. ನಾವಾಗಿ ಅವನ್ನು ಕನ್ನಡಕ್ಕೆ ತಿರುಗಿಸಿ ಬರೆದಿಟ್ಟರೆ ಕೀಲಿಯೇ ಕೆಟ್ಟುಹೋದೀತು. ಆದರೆ ಪದಗಳ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಬೇಡವೆಂದು ಯಾವ ಶಾಸ್ತ್ರ ಹೇಳಿದೆ? “ಇದು ದುಡ್ಡಿನ ಪತ್ರ. ಸುಡಬೇಡಿ, ಎಸೆಯಬೇಡಿ, ಹೊರಗಿನವರಿಗೆ ತೋರಿಸಬೇಡಿ” ಎಂಬ ಸಾಲೊಂದು ಆ ಹಾಳೆಯ ತಲೆಯ ಮೇಲಿದ್ದಿದ್ದರೆ ದೊಡ್ಡಮ್ಮ ಅದನ್ನು ಪಹಣಿ, ಖಾತೆಗಳ ಜೊತೆ ಟ್ರಂಕಿನಲ್ಲಿ ಇಟ್ಟು ಕಾಪಾಡುತ್ತಿದ್ದರು.

“ಹಾಗೆ ಬರೆದರೆ ಕಳ್ಳನಿಗೆ ಕರೆದು ಕೊಟ್ಟಂತಾಗುವುದಿಲ್ಲವೆ?” ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಅದಕ್ಕೆ ಉತ್ತರ ಬ್ಯಾಂಕಿನ ಲಾಕರಿನಲ್ಲಿದೆ. ಅದು ತೆರೆಯಬೇಕಾದರೆ ನಮ್ಮದೊಂದು ಕೀಲಿ, ಬ್ಯಾಂಕಿನದೊಂದು ಕೀಲಿ. ಸರ್ಕಾರದ ಖಜಾನೆಗಳಿಗೂ ಜೋಡಿ ಬೀಗವೇ. ಈ ನಾಣ್ಯಕ್ಕೂ ಅಂಥ ವ್ಯವಸ್ಥೆಯುಂಟು: ಮೂರು ಕೀಲಿಗಳನ್ನು ಮಾಡಿ, ಯಾವುದಾದರೂ ಎರಡು ಕೂಡಿದರೆ ಮಾತ್ರ ತೆರೆಯುವಂತೆ ಕಟ್ಟಬಹುದು. ಮಗನ ಬಳಿ ಒಂದು, ಊರಿನ ಟ್ರಂಕಿನಲ್ಲಿ ಒಂದು, ಲಾಕರಿನಲ್ಲಿ ಒಂದು. ಮೂರೂ ಯಾವ ಬಗೆಯಲ್ಲಿ ಕೂಡಿವೆಯೆಂಬ ವಿವರ ಪ್ರತಿಯೊಂದರ ಜೊತೆಗೂ. ಒಂದು ಒಲೆಗೆ ಹೋದರೂ ಹಣ ಉಳಿಯಿತು. ಒಂದು ಕಳ್ಳನಿಗೆ ಸಿಕ್ಕಿದರೂ ಹಣ ಉಳಿಯಿತು. ಹನ್ನೆರಡು ಪದಗಳನ್ನು ಆರಾರಾಗಿ ಹರಿದು ಎರಡು ಕಡೆ ಇಡುವ ಜಾಣತನ ಮಾತ್ರ ಬೇಡ. ಅದರಲ್ಲಿ ಯಾವ ತುಂಡು ಹೋದರೂ ಎಲ್ಲವೂ ಹೋಯಿತು. ಫೋನಿನಲ್ಲಿ ಚಿತ್ರ ತೆಗೆದಿಡುವುದೂ ಬೇಡ. ಫೋನು ಕಳ್ಳನ ಕೈಗೆ ಬೀಳುವ ವಸ್ತು. ಬೆಂಕಿಯ ಭಯವಿರುವವರು ಪದಗಳನ್ನು ಉಕ್ಕಿನ ತಗಡಿನ ಮೇಲೆ ಕೊರೆದಿಡಲಿ.

ಸರ್ಕಾರವೂ ಇಲ್ಲಿ ನಿರಪರಾಧಿಯಲ್ಲ. 2022ರಿಂದ ಈ ಆಸ್ತಿಯ ಲಾಭಕ್ಕೆ ಶೇಕಡ 30 ತೆರಿಗೆ ಹಾಕಿತು. ಮಾರಿದ ಹಣದಲ್ಲಿ ಶೇಕಡ 1ನ್ನು ಮೊದಲೇ ಮುರಿದುಕೊಳ್ಳುವ ನಿಯಮವನ್ನೂ ಮಾಡಿತು. ಇದು ಆಸ್ತಿಯೇ ಹೌದೆಂದು 2025ರ ಅಕ್ಟೋಬರಿನಲ್ಲಿ ಮದರಾಸು ಹೈಕೋರ್ಟೂ ಹೇಳಿತು. ಬ್ಯಾಂಕಿನ ಠೇವಣಿಗಾದರೆ ನಾಮನಿರ್ದೇಶನವುಂಟು; 2025ರ ನವೆಂಬರ್ 1ರಿಂದ ನಾಲ್ಕು ಜನರ ಹೆಸರನ್ನು ಬರೆಯಬಹುದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಬಂದರೆ ಹಿಂದಿರುಗುತ್ತದೆ. ಅದನ್ನು ಹುಡುಕಿಕೊಳ್ಳಲು 2023ರಲ್ಲಿ ‘ಉದ್ಗಮ್’ ಎಂಬ ವ್ಯವಸ್ಥೆಯನ್ನೂ ಮಾಡಿದ್ದಾರೆ. ಮನೆಯ ಟ್ರಂಕಿನಲ್ಲಿರುವ ಕೀಲಿಗೆ ಸರ್ಕಾರ ಏನೂ ಮಾಡಲಾರದು, ನಿಜ. ಆದರೆ ತೆರಿಗೆ ಹಿಡಿದು ಕೊಡುವ ವಿನಿಮಯ ಕೇಂದ್ರಗಳಿಗೆ, ಗಿರಾಕಿಯ ವಾರಸುದಾರರ ಹೆಸರು ಬರೆಸಿಕೊಳ್ಳಬೇಕು, ಎಚ್ಚರಿಕೆಯ ಮಾತನ್ನು ಆಯಾ ನಾಡಿನ ಭಾಷೆಯಲ್ಲಿ ಅಚ್ಚುಮಾಡಬೇಕು ಎಂದು ಕಟ್ಟುಮಾಡುವುದಕ್ಕೆ ಏನು ಅಡ್ಡಿ? ತೆರಿಗೆ ಎತ್ತುವುದರಲ್ಲಿ ತೋರಿದ ಚುರುಕನ್ನು ಇದರಲ್ಲೂ ತೋರಲಿ.

ಈ ನಾಣ್ಯ ಒಳ್ಳೆಯದೋ ಕೆಟ್ಟದ್ದೋ ಎಂಬ ಜಿಜ್ಞಾಸೆಗೆ ನಾನು ಇಲ್ಲಿ ಕೈಹಾಕಿಲ್ಲ. ಕೊಂಡವರು ಕೊಂಡಿದ್ದಾರೆ, ಅದರಲ್ಲಿ ಹಳ್ಳಿಯ ಹಾಲಿನ ದುಡ್ಡೂ ಸೇರಿದೆ. ನಾನು ಹೇಳುವುದಿಷ್ಟೆ: ಮನೆಯ ಹಣ ಹೂಡಿದವನಿಗೆ ಮನೆಯವರಿಂದ ಕೀಲಿಯ ಸುಳಿವನ್ನೇ ಮುಚ್ಚಿಡುವ ಅಧಿಕಾರವಿಲ್ಲ.

ತಾಯಿಮಗ ಈಗ ಮಾತಾಡುತ್ತಾರೆ. ಹೋದ ಗೌರಿಹಬ್ಬಕ್ಕೆ ಊರಿಗೆ ಹೋಗಿದ್ದಾಗ ದೊಡ್ಡಮ್ಮ ನನ್ನನ್ನು ಒಳಗೆ ಕರೆದು, “ನಂದೇ ತಪ್ಪಾ ಮಗ?” ಎಂದು ಕೇಳಿದರು. “ಅಲ್ಲ ದೊಡ್ಡಮ್ಮ” ಎಂದೆ. ಅದನ್ನು ನಾನು ಹೇಳಿದರೆ ಸಾಲದು; ಅವರ ಮಗ ಹೇಳಬೇಕು. ಅವನು ಭಾನುವಾರ ಬೆಳಗ್ಗೆ ಈ ಪುರವಣಿಯನ್ನು ತಪ್ಪದೆ ಓದುತ್ತಾನೆ.