ಓನರ್‌ಗೆ ಹೇಳದೆ ಹಾಕಿಸಿದ ಶವರ್

ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಮಾಡೋ ಜೂನಿಯರ್‌ಗಳಿಗೆ ಸೀನಿಯರ್‌ಗಳು ಕೊಡೋ ಸಲಹೆ ಸಾಮಾನ್ಯವಾಗಿ ಒಂದೇ: "ಓನರ್‌ನ ಏನೂ ಕೇಳೋಕೆ ಹೋಗ್ಬೇಡ, ಸುಮ್ನೆ ಮಾಡ್ಕೋ." ಗೋಡೆಗೆ ಮೊಳೆ ಹೊಡೆಯೋದಿರಲಿ, ಇನ್ನೊಂದು ಪ್ಲಗ್ ಪಾಯಿಂಟ್ ಎಳೆಸೋದಿರಲಿ, ಇದೇ ಮಂತ್ರ. ನಾನೂ ಹಾಗೇ ಹೇಳ್ತಿದ್ದೆ. ಈಗ ಹೇಳಲ್ಲ. ಕಾರಣ ಒಂದು ಶವರ್.

ಹೋದ ವರ್ಷ ನಾವು ನಾಲ್ಕು ಜನ ಸೇರಿ ಬೆಂಗಳೂರಿನಲ್ಲಿ ಕಾಲೇಜಿನ ಹತ್ತಿರ ಒಂದು ಹಳೇ ಫ್ಲ್ಯಾಟ್ ಹಿಡಿದೆವು. ಎರಡನೇ ಮಹಡಿ, ಅದರ ಮೇಲೆ ತಾರಸಿ. ಬಾತ್‌ರೂಮಿನಲ್ಲಿ ಬಾತ್‌ಟಬ್! ಮೊದಲ ದಿನ ಒಬ್ಬೊಬ್ಬರೇ ಅದರಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದೂ ಆಯ್ತು. ಎರಡನೇ ದಿನ ಲೆಕ್ಕ ಗೊತ್ತಾಯ್ತು. ಟಬ್ ತುಂಬೋಕೆ ನೂರೈವತ್ತು ಲೀಟರ್ ನೀರು ಬೇಕು, ನಮ್ಮ ಗೀಸರ್ ಹದಿನೈದು ಲೀಟರಿನದು. ಶವರ್ ಇಲ್ಲ. ಕೊನೆಗೆ ಟಬ್ಬಿನೊಳಗೆ ಬಕೆಟ್ ಇಟ್ಕೊಂಡು, ಕುಕ್ಕರುಗಾಲಲ್ಲಿ ಕೂತು, ಮಗ್ಗಿನಲ್ಲಿ ಸ್ನಾನ. ಸೋಪಿನ ಕಾಲಲ್ಲಿ ಟಬ್ ದಾಟಿ ಹೊರಗೆ ಬರುವಾಗ ಒಬ್ಬ ಜಾರಿ ಬಿದ್ದು ವಾರಗಟ್ಟಲೆ ಕುಂಟಿದ. ಅವತ್ತೇ ತೀರ್ಮಾನ ಆಯ್ತು, ಶವರ್ ಬೇಕು.

ಓನರ್ ಊರಿಗೆ ಹೋಗಿದ್ದ ಶನಿವಾರ ನೋಡಿ ಪ್ಲಂಬರ್ ಕರೆಸಿದೆವು. "ಓನರ್‌ಗೆ ಗೊತ್ತಾ?" ಅಂತ ಅವರು ಕೇಳಿದ್ರು. ನಾಲ್ಕೂ ಜನ ಒಟ್ಟಿಗೆ "ಗೊತ್ತು ಅಣ್ಣ" ಅಂದೆವು.

ಮೊದಲನೇ ಎಡವಟ್ಟು ಆ ದಿನವೇ ಗೊತ್ತಾಯ್ತು. ದೊಡ್ಡ ತಟ್ಟೆಯಂಥ ರೇನ್ ಶವರ್ ತಂದಿದ್ದೆವು. ತಿರುಗಿಸಿದರೆ ನೀರು ತೊಟ್ಟಿಕ್ಕಿತು, ಅಷ್ಟೇ. "ಮೇಲೆ ಸಾವಿರ ಲೀಟರ್ ಟ್ಯಾಂಕ್ ಇದೆ ಕಣೋ, ಫೋರ್ಸ್ ಯಾಕಿಲ್ಲ?" ಅಂತ ಕೇಳಿದವನು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಎಂಬತ್ತು ತೆಗೆದಿದ್ದ! ಒತ್ತಡ ಬರೋದು ನೀರಿನ ಎತ್ತರದಿಂದ, ಟ್ಯಾಂಕಿನ ಗಾತ್ರದಿಂದ ಅಲ್ಲ. ಒಂದು ಮೀಟರ್ ಎತ್ತರಕ್ಕೆ ಸುಮಾರು 9.8 ಕಿಲೋಪ್ಯಾಸ್ಕಲ್, ಅಂದರೆ ಹತ್ತಿರ ಹತ್ತಿರ 0.1 ಬಾರ್. ನಮ್ಮ ಶವರ್‌ನಿಂದ ಟ್ಯಾಂಕಿನ ತಳಕ್ಕೆ ಇದ್ದಿದ್ದು ಎರಡೇ ಮೀಟರ್. ಪೈಪು, ಬೆಂಡುಗಳಲ್ಲಿ ಹೋಗೋದನ್ನ ಬಿಟ್ಟರೂ 0.2 ಬಾರ್. ಶವರ್ ಡಬ್ಬದ ಮೇಲೆ ಕನಿಷ್ಠ 0.5 ಬಾರ್ ಅಂತ ಬರೆದಿತ್ತು, ಓದಿರಲಿಲ್ಲ. ಪರೀಕ್ಷೆಯಲ್ಲಿ ಹತ್ತು ಸಲ ಬರೆದ ಸೂತ್ರ ಮನೆಯ ನಲ್ಲಿ ಮುಂದೆ ನೆನಪಾಗಲಿಲ್ಲ. ಅದನ್ನ ವಾಪಸ್ ಕೊಟ್ಟು ಚಿಕ್ಕ ಹ್ಯಾಂಡ್ ಶವರ್ ತಂದೆವು, ನೀರು ಬಂತು.

ಎರಡನೇ ಎಡವಟ್ಟು ಮೆಲ್ಲಗೆ ಬಂತು. ಆ ಬಾತ್‌ರೂಮ್ ಕಟ್ಟಿದವರು ಟಬ್ಬಿಗಷ್ಟೇ ಯೋಚನೆ ಮಾಡಿದ್ದರು. ಟಬ್ಬಿನ ಮೇಲೆ ಟೈಲ್ಸ್ ಎರಡಡಿ ಇತ್ತು, ಆಮೇಲೆ ಬರೀ ಪೇಂಟು. ಟಬ್ಬಿನ ಅಂಚು ಗೋಡೆ ಸೇರೋ ಕಡೆ ಹಾಕಿದ್ದ ವೈಟ್ ಸಿಮೆಂಟ್ ಬಿರುಕು ಬಿಟ್ಟಿತ್ತು. ಮಗ್ಗಿನ ಸ್ನಾನಕ್ಕೆ ಅದು ಸಾಕಾಗಿತ್ತು. ನಿಂತು ಶವರ್ ಬಿಟ್ಟಾಗ ಗೋಡೆ ಮೇಲೆ ಇಳಿದ ನೀರೆಲ್ಲ ಆ ಬಿರುಕಿಗೆ ಹೋಯ್ತು. ನಾವು ನೋಡಲಿಲ್ಲ.

ನೋಡಿದ್ದು ಕೆಳಗಿನ ಮನೆ ಅಜ್ಜಿ. ಒಂದು ದಿನ ನಮ್ಮ ಮನೆಗೆ ಬಂದಿದ್ದ ಅವರ ಪಾರ್ಸೆಲ್ ಕೊಡೋಕೆ ಹೋದೆ. ಅವರ ಹಜಾರದ ಮೂಲೆಯಲ್ಲಿ ಒಂದು ಬಕೆಟ್, ಮೇಲಿಂದ ಟಪ್ ಟಪ್ ಅಂತ ಹನಿ. ಸೀಲಿಂಗ್ ಪೇಂಟ್ ಹೊಪ್ಪಳಿಕೆ ಎದ್ದು ಉದುರಿತ್ತು. ಎರಡು ವಾರದಿಂದ ಹಾಗೇ ಇದೆಯಂತೆ. "ಯಾಕಜ್ಜಿ ಹೇಳ್ಲಿಲ್ಲ?" ಅಂದೆ. "ಓದೋ ಮಕ್ಕಳು, ಅವರಿಗೆ ಗೊತ್ತಾದ್ರೆ ಮನೆ ಬಿಡಿಸ್ತಾರೆ ಅಂತ ಸುಮ್ಮನಿದ್ದೆ ಕಣಪ್ಪ. ನಾನೂ ಬಾಡಿಗೆಯವಳೇ ಅಲ್ವಾ" ಅಂದ್ರು.

ಅವತ್ತು ಸಂಜೆನೇ ಓನರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆವು. ಚೆನ್ನಾಗಿ ಬೈದ್ರು. ಕೆಳಗಿನ ಸೀಲಿಂಗ್, ನಮ್ಮ ಗೋಡೆ ಎರಡರ ರಿಪೇರಿಗೂ ಅಡ್ವಾನ್ಸ್‌ನಿಂದ ಹದಿನಾಲ್ಕು ಸಾವಿರ ಮುರ್ಕೊಂಡ್ರು. "ಮೊದಲೇ ಕೇಳಿದ್ರೆ ನಾನೇ ಹಾಕಿಸಿ ಕೊಡ್ತಿದ್ದೆ" ಅಂದ್ರು. ನಿಜವಾಗಿಯೂ ಕೊಡ್ತಿದ್ರೋ ಇಲ್ವೋ, ನಾವು ಕೇಳಲೇ ಇಲ್ಲವಲ್ಲ.

ಈಗ ನೀವು ಹೇಳಬಹುದು, "ಓನರ್‌ಗಳೇನು ದೇವರಾ? ಕೇಳಿದ್ರೆ ಬಾಡಿಗೆ ಏರಿಸ್ತಾರೆ." ಒಪ್ಪುತ್ತೀನಿ. ತಿಂಗಳುಗಟ್ಟಲೆ ಬಾಡಿಗೆಯನ್ನ ಅಡ್ವಾನ್ಸ್ ಅಂತ ಇಟ್ಕೊಂಡು, ಬಿಡುವಾಗ ಪೇಂಟಿಂಗ್ ಅಂತ ಮುರಿಯೋರು ಇದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ. ಒಪ್ಪಂದದಲ್ಲಿ ಬೇರೆ ಬರೆಯದಿದ್ದರೆ ಪೈಪ್ ಬದಲಿಸೋದು ಓನರ್ ಕೆಲಸ, ನಲ್ಲಿ, ಗೀಸರ್, ಬಾತ್‌ಟಬ್ ರಿಪೇರಿ ಬಾಡಿಗೆದಾರರ ಕೆಲಸ ಅಂತಲೂ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡದೆ ಜಾರಿಗೆ ಬರಲ್ಲ. ಹಾಗಾಗಿ ನಮ್ಮ ಕೈಲಿರೋದು ಹನ್ನೊಂದು ತಿಂಗಳ ಅಗ್ರಿಮೆಂಟ್. ನಮ್ಮದರಲ್ಲಿ "ಲಿಖಿತ ಒಪ್ಪಿಗೆ ಇಲ್ಲದೆ ಬದಲಾವಣೆ ಮಾಡಬಾರದು" ಅಂತ ಸ್ಪಷ್ಟವಾಗಿತ್ತು. ಓದದೆ ಸೈನ್ ಹಾಕಿದ್ದೆವು.

ಭಯ ನಿಜ. ಆದರೆ ಕದ್ದು ಮಾಡಿದಾಗ ಆ ಭಯ ಎಲ್ಲೂ ಹೋಗಲಿಲ್ಲ, ಒಂದು ಮಹಡಿ ಕೆಳಗೆ ಇಳಿದು ಅಜ್ಜಿ ತಲೆ ಮೇಲೆ ಕೂತಿತು. ನಮ್ಮ ಗುಟ್ಟನ್ನ ಎರಡು ವಾರ ಬಕೆಟ್ ಇಟ್ಟು ಕಾಯ್ದಿದ್ದು ಅವರು. ಅದಕ್ಕೇ ನನ್ನ ಅಭಿಪ್ರಾಯ: ಬಾಡಿಗೆ ಮನೆಯಲ್ಲಿ ಶವರ್ ಬೇಕು ಅನ್ನೋದು ದುರಾಸೆ ಅಲ್ಲ, ಕೇಳಿ. ಬಾಯಲ್ಲಿ ಅಲ್ಲ, ವಾಟ್ಸಾಪಿನಲ್ಲಾದರೂ ಬರೆದು ಕೇಳಿ. ಏನು ಹಾಕಿಸ್ತೀವಿ, ಖರ್ಚು ಯಾರದು, ಬಿಡುವಾಗ ಏನು ಮಾಡ್ತೀವಿ ಅನ್ನೋ ಮೂರೂ ಅದರಲ್ಲಿರಲಿ. ಕೇಳೋ ಮುಂಚೆ ಟೇಪ್ ಹಿಡಿದು ಟ್ಯಾಂಕಿನ ಎತ್ತರ ಅಳೆಯಿರಿ, ಟೈಲ್ಸ್ ಎಲ್ಲಿವರೆಗಿದೆ ನೋಡಿ. ಇಲ್ಲ ಅಂದ್ರೆ ಬಕೆಟ್ ಇದ್ದೇ ಇದೆ.

ಶವರ್ ಅಂದ್ರೆ ನೀರು ಪೋಲು ಅನ್ನೋರಿಗೆ: ನಮ್ಮದು ನಿಮಿಷಕ್ಕೆ ಆರು ಲೀಟರ್ ಬರುತ್ತೆ, ಬಕೆಟ್ ಇಟ್ಟು ಅಳೆದಿದ್ದೀವಿ. ಸೋಪು ಹಚ್ಚುವಾಗ ನಿಲ್ಲಿಸಿದರೆ ಮೂರು ನಿಮಿಷ, ಹದಿನೆಂಟು ಲೀಟರ್. ಒಂದು ಬಕೆಟ್ ಸ್ನಾನದಷ್ಟೇ.

ಈಗ ಅದೇ ಟಬ್ಬಿನ ಮೇಲೆ ಅದೇ ಹ್ಯಾಂಡ್ ಶವರ್ ಇದೆ, ಓನರ್ ಒಪ್ಪಿಗೆ ಮೆಸೇಜಿನ ಜೊತೆಗೆ. ಟಬ್ಬಿನ ಅಂಚಿಗೆ ಸಿಲಿಕೋನ್ ಹಾಕಿಸಿದೆವು, ಗೋಡೆಗೆ ಟೈಲ್ಸ್ ಓನರ್ ಹಾಕಿಸಿದ್ರು, ಕರ್ಟನ್ ಟಬ್ಬಿನ ಒಳಗೆ ಬಿಡೋದು ಕಲಿತೆವು. ಹಳೇ ನಲ್ಲಿ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿದೆ, ಮನೆ ಬಿಡುವಾಗ ವಾಪಸ್ ಹಾಕೋಕೆ. ಮೆಟ್ಟಿಲಲ್ಲಿ ಅಜ್ಜಿ ಸಿಕ್ಕಾಗೆಲ್ಲ ನಾನೇ ಮೊದಲು ಕೇಳ್ತೀನಿ: "ಅಜ್ಜಿ, ಮೇಲಿಂದ ಏನಾದ್ರೂ ಬೀಳ್ತಿದೆಯಾ?"