ಚಂದನವನ್ನು ಹಿಡಿದಿಡಲು ಮನೆಯ ಕಂಪ್ಯೂಟರೇ ಸಾಕು

‘ಮೊಬೈಲಿನಲ್ಲೇ ಎಲ್ಲ ಸಿಗುವಾಗ ಟಿ.ವಿ. ರೆಕಾರ್ಡ್ ಮಾಡುವುದು ಎಂತಕ್ಕೆ?’ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಈ ಮಾತೆತ್ತಿದರೆ ಮಕ್ಕಳು ಕೇಳುವ ಪ್ರಶ್ನೆ ಇದು. ಸಿಗುತ್ತದೆ, ಸುಳ್ಳಲ್ಲ. ಆದರೆ ಇಂದು ಸಿಕ್ಕಿದ್ದು ಬರುವ ವರ್ಷ ಅಲ್ಲೇ ಇರುತ್ತದೆಂಬ ಭರವಸೆ ಯಾರೂ ಕೊಟ್ಟಿಲ್ಲ. ಅಲ್ಲದೆ ಮೊಬೈಲು ಒಬ್ಬೊಬ್ಬರ ಕೈಯದ್ದು, ಟಿ.ವಿ. ಚಾವಡಿಯದ್ದು. ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಕೂತು ಉತ್ತರ ಹೇಳುವುದು ಚಾವಡಿಯಲ್ಲೇ.

ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಮೂರು ಸಾವಿರಕ್ಕೂ ಮಿಕ್ಕಿ ಕಂತು ಕಂಡಿತು. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ರಸ್ತೆಯಲ್ಲಿ ಮಲಯಾಳ, ಮನೆಯಲ್ಲಿ ತುಳು, ಟ್ಯೂಶನ್ನಿನಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಶುದ್ಧ ಕನ್ನಡ ಕಿವಿಗೆ ಬೀಳುವ ಜಾಗ ಇಂಥದ್ದೇ. ಅದು ಬರುವ ಹೊತ್ತಿಗೆ ಕರೆಂಟು ಹೋಗಿದ್ದರೆ, ಮಗು ಟ್ಯೂಶನ್ನಿಗೆ ಹೋಗಿದ್ದರೆ ಮುಗಿಯಿತು.

ಇಪ್ಪತ್ತು ವರ್ಷದ ಹಿಂದೆ ಟಿ.ವಿ. ಟ್ಯೂನರ್ ಕಾರ್ಡಿಗೆ ಕೇಬಲ್ ವಯರು ಸಿಕ್ಕಿಸಿದರೆ ಕಂಪ್ಯೂಟರು ತಾನೇ ಬರೆದುಕೊಳ್ಳುತ್ತಿತ್ತು. 2017ರ ಮಾರ್ಚಿಗೆ ಕೇಬಲ್ ಡಿಜಿಟಲೀಕರಣದ ಕೊನೆಯ ಗಡುವು ಮುಗಿದು ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಆ ಕಾರ್ಡುಗಳು ಅಟ್ಟ ಸೇರಿದವು. ರೆಕಾರ್ಡ್ ಮಾಡುವ ಬಾಕ್ಸುಗಳೇನೋ ಉಂಟು. ಆದರೆ ಅದರೊಳಗಿನ ಕಡತಕ್ಕೆ ಸಾಮಾನ್ಯವಾಗಿ ಬೀಗ. ಬಾಕ್ಸು ಕೆಟ್ಟರೆ ಇಟ್ಟದ್ದೂ ಹೋಯಿತು. ದುಡ್ಡು ಕೊಟ್ಟವರ ಸೊತ್ತು ಅದಲ್ಲ.

ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಷ್‌ನಲ್ಲಿ ಚಂದನ ಬರುತ್ತದೆ. ಡಿಷ್‌ನಿಂದ ಬರುವ ವಯರನ್ನು ಡಿವಿಬಿ-ಎಸ್2 ಟ್ಯೂನರಿಗೆ ಕೊಟ್ಟರೆ ಕಂಪ್ಯೂಟರೇ ಸೆಟ್‌ಟಾಪ್ ಬಾಕ್ಸ್ ಆಗುತ್ತದೆ. ಅಷ್ಟು ಬೇಡವೆಂದಾದರೆ ಬಾಕ್ಸಿನ ಹಿಂದಿರುವ ಹಳದಿ, ಕೆಂಪು, ಬಿಳಿ ತೂತುಗಳಿಂದ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ವಯರು ಎಳೆದರೂ ಆದೀತು. ಚಿತ್ರ ಸ್ವಲ್ಪ ಮಸುಕು, ಚಾನೆಲನ್ನು ಕೈಯಲ್ಲೇ ಹಾಕಿಡಬೇಕು. ಹೊತ್ತು ಹೇಳಿಟ್ಟರೆ ತಾನೇ ರೆಕಾರ್ಡ್ ಮಾಡುವ ನೆಕ್ಸ್ಟ್‌ಪಿವಿಆರ್, ಟಿವಿಹೆಡೆಂಡ್ ತಂತ್ರಾಂಶಗಳು ಪುಕ್ಕಟೆ. ಎರಡನೆಯದು ನಡೆಯುವುದು ಲಿನಕ್ಸಿನಲ್ಲಿ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಲಿನಕ್ಸೇ ಆದ್ದರಿಂದ ಈ ಕೆಲಸಕ್ಕೆ ಪೇಟೆಯಿಂದ ಜನ ಕರೆಯಬೇಕೆಂದಿಲ್ಲ, ಹೈಸ್ಕೂಲಿನ ಮಕ್ಕಳು ಸಾಕು. ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೆ ಒಂದು ಗಂಟೆಗೆ ಸುಮಾರು 1.35 ಜಿಬಿ, 1 ಟಿಬಿ ಡಿಸ್ಕಿನಲ್ಲಿ 700 ಗಂಟೆ ಧಾರಾಳ ಹಿಡಿಸುತ್ತದೆ.

ಊರಿನ ತೊಂದರೆಗಳು ಬೇರೆ. ಉಪಗ್ರಹ ಇರುವುದು ಆಗ್ನೇಯಕ್ಕೆ. ಅತ್ತ ತೆಂಗಿನ ಮಡಲು ಅಡ್ಡ ಬಂದರೆ ಚಿತ್ರ ಒಡೆಯುತ್ತದೆ. ಆಟಿಯ ಜಡಿಮಳೆಗೆ ಸಿಗ್ನಲ್ ಬಿದ್ದುಹೋಗುವುದೂ ಉಂಟು, ಅದಕ್ಕೆ ಮದ್ದಿಲ್ಲ. ತುಲಾಮಾಸದ ಗುಡುಗಿಗೆ ಮಾತ್ರ ಹೆದರಲೇಬೇಕು. ಮೋಡ ಕಟ್ಟುವಾಗಲೇ ಡಿಷ್ ವಯರನ್ನೂ ಪ್ಲಗ್ಗನ್ನೂ ಎಳೆದಿಡದಿದ್ದರೆ ಕಂಪ್ಯೂಟರೇ ಸುಟ್ಟೀತು. ಆ ದಿನದ ಕಾರ್ಯಕ್ರಮ ಹೋದರೆ ಹೋಗಲಿ.

ಇದು ಕಳ್ಳತನವಲ್ಲವೇ ಎಂಬ ಅನುಮಾನ ಕೆಲವರದು. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಸ್ವಂತ ಬಳಕೆಗಾಗಿ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತದೆ. ಹಾಗೆಂದು ಪೆನ್‌ಡ್ರೈವಿಗೆ ಹಾಕಿ ಮಾರುವುದು, ಯೂಟ್ಯೂಬಿಗೆ ಏರಿಸುವುದು ಆ ರಿಯಾಯಿತಿಯೊಳಗೆ ಬರುವುದಿಲ್ಲ. ಪ್ರಾಮಾಣಿಕವಾಗಿ ಪಾಠ ಮಾಡುವ ಸಲುವಾಗಿ ರೆಕಾರ್ಡ್ ಮಾಡಲು ಅದೇ ಕಲಮಿನಲ್ಲಿ ಅವಕಾಶ ಉಂಟು. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳು ಇದನ್ನು ಯಾಕೆ ಬಳಸಿಕೊಳ್ಳಬಾರದು? 2018ರಲ್ಲಿ ಶುರುವಾದ ಹೈಟೆಕ್ ಶಾಲೆ ಯೋಜನೆಯಲ್ಲಿ ಕೇರಳದ 45,000 ತರಗತಿಗಳಿಗೆ ಲ್ಯಾಪ್‌ಟಾಪೂ ಪ್ರೊಜೆಕ್ಟರೂ ಮಂಜೂರಾದವು. ಇನ್ನು ಬೇಕಾದದ್ದು ಮಾಡಿನ ಮೇಲೊಂದು ಡಿಷ್, ಒಂದು ಟ್ಯೂನರ್. ಮುಂದಿನ ಪಿಟಿಎ ಸಭೆಯಲ್ಲಿ ಹೆತ್ತವರು ಬಾಯಿಬಿಟ್ಟು ಕೇಳಬೇಕು.