ಕಾಲುಗುರಿಗೆ ಬಣ್ಣವೇ ಮದ್ದೆ?

ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪವಾಗಿ, ಅಂಚು ಪುಡಿಪುಡಿಯಾಗತೊಡಗಿದರೆ ಪಕ್ಕದ ಕಾಲುಂಗುರದ ಚೆಲುವೂ ಕುಂದುವುದು. ಆಗ ಹಲವರು ಅರಸುವುದು ಬಣ್ಣದ ಸೀಸೆಯನ್ನು. ಇಲ್ಲವೆ, ರಾಳದಿಂದ ರೂಪಿಸಿ ಕೂರಿಸುವ ಕೃತಕ ಉಗುರನ್ನು. ಇವು ಕುಂದನ್ನು ಮುಚ್ಚಿಯಾವೇ ಹೊರತು ರೋಗವನ್ನು ನೀಗಲಾರವು.

ಕೆಟ್ಟ ಉಗುರುಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಬಿಗಿಯಾದ ಬೂಟು, ಪೆಟ್ಟು, ಸೋರಿಯಾಸಿಸ್ ಮುಂತಾದವೂ ಅದೇ ರೂಪವನ್ನು ತರಬಲ್ಲವು. ಆದುದರಿಂದ ಉಗುರಿನ ಚೂರನ್ನು ಪರೀಕ್ಷೆ ಮಾಡಿಸಿ, ಕಾರಣವನ್ನರಿತ ಮೇಲೆಯೇ ಔಷಧಿಯನ್ನು ಆರಂಭಿಸುವುದು ಯುಕ್ತ. ಶಿಲೀಂಧ್ರವೆಂದು ತಿಳಿದುಬಂದಲ್ಲಿ ವೈದ್ಯರು ಟರ್ಬಿನಾಫಿನ್ ಗುಳಿಗೆಯನ್ನು ಸಾಮಾನ್ಯವಾಗಿ 12 ವಾರ ಕೊಡುವರು. ಯಕೃತ್ತಿನ ರೋಗವುಳ್ಳವರಿಗೆ ಅದು ಸಲ್ಲದು.

ಗುಳಿಗೆ ಮುಗಿದರೂ ಉಗುರು ಹಾಗೆಯೇ ಇದೆಯೆಂದು ನಿರಾಶರಾಗಬೇಕಾಗಿಲ್ಲ. ಕಾಲುಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಬುಡದಿಂದ ಹೊಸ ಉಗುರು ಪೂರ್ಣವಾಗಿ ಬರಲು 12ರಿಂದ 18 ತಿಂಗಳು ಬೇಕು. ಬುಡವೇ ನಾಶವಾಗಿದ್ದರೆ ಮಾತ್ರ ಅದು ಮೊದಲಿನಂತೆ ಬಾರದು.

ಸಕ್ಕರೆ ಕಾಯಿಲೆಯುಳ್ಳ ಹಿರಿಯರ ವಿಷಯದಲ್ಲಂತೂ ಇದು ಬರಿಯ ಅಂದದ ಪ್ರಶ್ನೆಯಲ್ಲ. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ದಪ್ಪ ಉಗುರು ಒತ್ತಿ ಆದ ಹುಣ್ಣು ನೋವು ತೋರದೆಯೇ ಬೆಳೆದು, ಬೆರಳನ್ನೇ ಕಳೆದುಕೊಳ್ಳಬೇಕಾಗಿ ಬರಬಹುದು. ಅಂಥವರ ಉಗುರಿಗೆ ಮನೆಯ ಬ್ಲೇಡು ತಗುಲದಿರಲಿ.